ಹಲ್ಲು ಮುರಿದ ಕ್ಯಾಸೆಟ್ಟುಗಳು

ಕನ್ನಡ ಸುಗಮ ಸಂಗೀತದ ಚರಿತ್ರೆಯನ್ನು ನಾವು ಹಾಡಿದವರ ಕಡೆಯಿಂದ ಬರೆದುಕೊಂಡು ಬಂದಿದ್ದೇವೆ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಎಂದು ಹೆಸರುಗಳನ್ನು ಪೋಣಿಸುತ್ತೇವೆ. ಯಾವ ಕವಿಯ ಯಾವ ಪದ್ಯಕ್ಕೆ ಯಾರು ರಾಗ ಹಾಕಿದರು ಎಂದು ದಾಖಲಿಸುತ್ತೇವೆ. ಆ ಹಾಡುಗಳನ್ನು ಕೊಂಡು ತಂದವರು, ಹಾಕಿ ಕೇಳಿದವರು, ‘ಇದು ಚಲೋ ಐತೆ, ಇದು ಸಪ್ಪೆ’ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟವರು ಈ ಚರಿತ್ರೆಯೊಳಗೆ ಬಂದಿಲ್ಲ. ಅದಕ್ಕೆ ಕಾರಣವೂ ಸರಳ. ಹಾಡು ರೆಕಾರ್ಡಿನಲ್ಲಿ ಉಳಿಯಿತು, ಅಭಿಪ್ರಾಯ ಗಾಳಿಯಲ್ಲಿ ಹೋಯಿತು.

ನಾನು ಬೆಳೆದ ಸೀಮೆಯ ನಾಲ್ಕು ಊರುಗಳನ್ನು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರನ್ನು, ಮುಂದಿಟ್ಟುಕೊಂಡು ಈ ಕೇಳುಗರ ಚರಿತ್ರೆಯನ್ನು ಹೇಗೆ ಬರೆಯಬಹುದು ಎಂದು ಯೋಚಿಸುತ್ತಿದ್ದೇನೆ. ಆಲ್ಬಮ್ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅಜ್ಜನ ಕಾಲದವರು ‘ಪ್ಲೇಟು’ ಎನ್ನುತ್ತಿದ್ದರು, ನಮ್ಮ ಕಾಲದವರು ‘ಕ್ಯಾಸೆಟ್ಟು’ ಎಂದೆವು. ಪೇಟೆಗೆ ಹೋಗಿ ಬಂದವನನ್ನು ಕೇಳುವ ಪ್ರಶ್ನೆ ಮಾತ್ರ ಒಂದೇ ಆಗಿತ್ತು: ‘ಏನ್ ತಂದ್ಯಪ್ಪ ಹೊಸದು?’

ಪೇಟೆ ಎಂದರೆ ಯಾವ ಪೇಟೆ ಎಂಬುದೂ ಮುಖ್ಯ. ಇವತ್ತು ಈ ನಾಲ್ಕೂ ಊರು ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆದರೆ ಈ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು; ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿದ್ದು ಈಚೆಗಷ್ಟೇ ಪ್ರತ್ಯೇಕ ತಾಲ್ಲೂಕಾಯಿತು. ಹೀಗಾಗಿ ಮೊದಲ ಮೂರು ಊರಿನವರಿಗೆ ಕಚೇರಿ, ಕಾಲೇಜು, ಆಸ್ಪತ್ರೆಯ ಕೆಲಸವೆಂದರೆ ಶಿವಮೊಗ್ಗ; ಸಾಮಾನ್ಯವಾಗಿ ಹೊಸ ಹಾಡು ಬರುತ್ತಿದ್ದುದೂ ಅದೇ ಬಸ್ಸಿನಲ್ಲಿ. ಜಗಳೂರಿನವರಿಗೆ ಹತ್ತಿರದ ದೊಡ್ಡ ಪೇಟೆ ದಾವಣಗೆರೆ. ಅದು ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯ ಊರು, ರಂಗಗೀತೆಗೆ ಕಿವಿ ಪಳಗಿದ ಊರು. ಒಂದು ಕಡೆ ಸುಳೆಕೆರೆಯ ನೀರು, ಅಡಿಕೆ, ಭತ್ತ. ಇನ್ನೊಂದು ಕಡೆ ಮಳೆಯನ್ನೇ ನಂಬಿದ ಬಯಲು. ಇಷ್ಟು ಭಿನ್ನವಾದ ಊರುಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿಷಯ ಕಾಣುತ್ತದೆ. ಹಾಡಿನ ಬಗ್ಗೆ ಜನ ಎಂಥ ಅಭಿಪ್ರಾಯ ಹೇಳುತ್ತಾರೆ ಎಂಬುದನ್ನು ಅವರ ರುಚಿಯಷ್ಟೇ ಅಲ್ಲ, ಹಾಡು ಬಂದ ಸಾಮಾನೂ ತೀರ್ಮಾನಿಸುತ್ತಿತ್ತು.

ಮೊದಲು ಪ್ಲೇಟಿನ ಕಾಲವನ್ನು ನೋಡೋಣ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಅಲ್ಲಿಂದ ಮುಂದೆ ನಾಯಿಯ ಚಿತ್ರವಿದ್ದ ಅರಗಿನ ಪ್ಲೇಟುಗಳು ಊರೂರಿಗೆ ಇಳಿದವು. ಹತ್ತು ಅಂಗುಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಷ್ಟೇ. ಕೀಲಿ ಕೊಡಬೇಕು, ಉಕ್ಕಿನ ಮುಳ್ಳನ್ನು ಮತ್ತೆ ಮತ್ತೆ ಬದಲಿಸಬೇಕು, ಕೈ ತಪ್ಪಿದರೆ ಪ್ಲೇಟು ಹಪ್ಪಳದಂತೆ ಒಡೆಯುತ್ತದೆ. ಇಷ್ಟು ಖರ್ಚು, ಇಷ್ಟು ನಾಜೂಕಿನ ಯಂತ್ರ ಇರುತ್ತಿದ್ದುದು ಸಾಹುಕಾರರ ಮನೆಯಲ್ಲಿ, ಇಲ್ಲವೇ ಹೋಟೆಲಿನಲ್ಲಿ. ಉಳಿದವರು ಅಂಗಳದಲ್ಲಿ ನಿಂತೋ ಚಹಾದ ನೆಪದಲ್ಲಿ ಕೂತೋ ಕೇಳಬೇಕು.

ಮೂರು ನಿಮಿಷದಲ್ಲಿ ಮುಗಿದುಹೋಗುವ, ಮಧ್ಯದ ಒಂದು ಸಾಲನ್ನು ಹಿಂದಕ್ಕೆ ತಿರುಗಿಸಿ ಕೇಳಲು ಸುಲಭದಲ್ಲಿ ಬಾರದ ಹಾಡಿನ ಬಗ್ಗೆ ಏನು ಹೇಳಬಹುದು? ಕಂಠದ ಬಗ್ಗೆ ಹೇಳಬಹುದು. ಹಳೆಯ ತಲೆಮಾರಿನವರ ಮಾತಿನಲ್ಲಿ ನಾನು ಕೇಳಿದ ಮೆಚ್ಚುಗೆಗಳೆಲ್ಲ ಕಂಠಕ್ಕೆ ಸಂಬಂಧಿಸಿದವು. ‘ಗಂಟಲಾ ಅದು, ಗಂಟೆ!’ ‘ಏನು ಎಳೀತಾರ್ರೀ ಮೇಲಕ್ಕೆ!’ ಹಾಡಿದವರ ಮುಖ ಗೊತ್ತಿರಲಿಲ್ಲ, ಕೆಲವೊಮ್ಮೆ ಹೆಸರೂ ನಿಜವಾದದ್ದಾಗಿರಲಿಲ್ಲ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳು ಹೊರಬಂದಿದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಮುಖವಿಲ್ಲ, ಊರಿಲ್ಲ, ಉಳಿದದ್ದು ಧ್ವನಿಯೊಂದೇ. ಅಭಿಪ್ರಾಯವೂ ಧ್ವನಿಗೇ ಅಂಟಿಕೊಂಡಿತು.

ಪ್ಲೇಟು ಸಾಹುಕಾರರ ಪಡಸಾಲೆಯಿಂದ ಬೀದಿಗೆ ಬಂದಿದ್ದು ಮೈಕ್ ಸೆಟ್ಟಿನವರಿಂದ. ಮದುವೆ, ಜಾತ್ರೆ, ಗಣಪತಿ ಕೂರಿಸುವುದು, ಟೂರಿಂಗ್ ಟಾಕೀಸಿನ ಟೆಂಟು, ಎಲ್ಲಕ್ಕೂ ಕಹಳೆಯಂಥ ಸ್ಪೀಕರು ಬೇಕಾಯಿತು. ಟೆಂಟಿನ ಮೇಲಿನ ಸ್ಪೀಕರಿನಲ್ಲಿ ದೇವರ ಹಾಡು ಶುರುವಾದರೆ ಆಟ ಶುರುವಾಗಲು ಇನ್ನೆಷ್ಟು ಹೊತ್ತು ಎಂದು ಹೊಲದಲ್ಲಿದ್ದವರಿಗೂ ತಿಳಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಊರುಗಳ ಮೊದಲ ಸಂಗೀತ ವಿಮರ್ಶಕ ಮೈಕ್ ಸೆಟ್ಟಿನವನೇ. ಯಾವ ಪ್ಲೇಟು ಮೊದಲು, ಯಾವುದು ಹೆಣ್ಣು ಒಪ್ಪಿಸುವ ಹೊತ್ತಿಗೆ, ಯಾವುದನ್ನು ಊಟದ ಪಂಕ್ತಿ ಏಳುವ ಹೊತ್ತಿಗೆ ಹಾಕಬೇಕು ಎಂಬುದನ್ನು ಅವನೇ ನಿರ್ಧರಿಸುತ್ತಿದ್ದ. ತಪ್ಪು ಹಾಡು ಹಾಕಿದರೆ ಚಪ್ಪರದಿಂದಲೇ ಕೂಗು ಬರುತ್ತಿತ್ತು: ‘ಲೇ, ಮದ್ವಿ ಮನ್ಯಾಗೆ ಅಳೋ ಹಾಡು ಹಾಕ್ತೀಯಲ್ಲೋ, ತೆಗಿ!’ ಅದೂ ವಿಮರ್ಶೆಯೇ. ಅವನ ಪೆಟ್ಟಿಗೆಯಲ್ಲಿ ಎಷ್ಟೋ ಪ್ಲೇಟುಗಳ ಒಂದು ಮಗ್ಗುಲು ಮಾತ್ರ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು, ಇನ್ನೊಂದು ಮಗ್ಗುಲು ಕಪ್ಪಗೆ ಹೊಳೆಯುತ್ತಿತ್ತು. ಮುಳ್ಳು ಹೆಚ್ಚು ಓಡಿದ ಕಡೆ ಗೆರೆ ಸವೆಯುತ್ತದೆ. ಜನ ಯಾವ ಹಾಡನ್ನು ಬಯಸಿದರು ಎಂದು ಕೇಳಬೇಕಾಗಿಯೇ ಇಲ್ಲ, ಪ್ಲೇಟನ್ನು ಬೆಳಕಿಗೆ ಹಿಡಿದರೆ ಸಾಕು.

ಪ್ಲೇಟಿಗೂ ಕ್ಯಾಸೆಟ್ಟಿಗೂ ನಡುವೆ ರೇಡಿಯೋ ಬಂದಿತು. ಭದ್ರಾವತಿ ಆಕಾಶವಾಣಿ ಕೇಂದ್ರ 1965ರ ಫೆಬ್ರುವರಿಯಲ್ಲಿ ಶುರುವಾದ ಮೇಲೆ ನಮ್ಮ ಸೀಮೆಗೆ ಹತ್ತಿರದ ಧ್ವನಿಯೊಂದು ಸಿಕ್ಕಿತು. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲ ಅದು. ಆ ಪದ್ಧತಿ ಹೋಗಿದ್ದು 1980ರ ದಶಕದಲ್ಲಿ. ರೇಡಿಯೋ ಅಭಿಪ್ರಾಯಕ್ಕೆ ಒಂದು ಹೊಸ ರೂಪ ಕೊಟ್ಟಿತು: ಹದಿನೈದು ಪೈಸೆಯ ಕಾರ್ಡಿನಲ್ಲಿ ಬರೆದ ಕೋರಿಕೆ. ಕೋರಿಕೆ ಕಾರ್ಯಕ್ರಮದಲ್ಲಿ ಊರಿನ ಹೆಸರು, ಗೆಳೆಯರ ಹೆಸರುಗಳ ಸಾಲು ಓದುವಾಗ ಆಗುತ್ತಿದ್ದ ಸಂಭ್ರಮವನ್ನು ಹಾಡಿನ ಸಂಭ್ರಮದಿಂದ ಬೇರೆ ಮಾಡುವುದು ಕಷ್ಟ. ಆದರೆ ಕೋರಿಕೆಗೆ ಒಂದು ಮಿತಿ ಇತ್ತು. ಕಾರ್ಡಿನಲ್ಲಿ ‘ಈ ಹಾಡು ಬೇಕು’ ಎನ್ನಬಹುದಿತ್ತು. ಏಕೆ ಬೇಕು, ಯಾವುದು ಬೇಡ ಎಂದು ಹೇಳಲು ಅಲ್ಲಿ ಜಾಗವಿರಲಿಲ್ಲ.

ಆ ಜಾಗ ಸಿಕ್ಕಿದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಅಂಗೈ ಅಗಲದ ಡಬ್ಬಿಯಲ್ಲಿ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು ಇರುತ್ತದೆ. ಅದು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಓಡುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ ಅರ್ಧ ಗಂಟೆ. ಕರೆಂಟಿಲ್ಲದಿದ್ದರೆ ಸೆಲ್ಲು ಹಾಕಬಹುದು, ಹೊಲಕ್ಕೂ ಒಯ್ಯಬಹುದು. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದಿದ್ದು ಒಂದು ಗುಂಡಿ: ಹಿಂದಕ್ಕೆ ತಿರುಗಿಸುವ ಗುಂಡಿ.

ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟೆಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಪದ್ಯಗಳು ಕೆ.ಎಸ್. ನಿಸಾರ್ ಅಹಮದ್ ಅವರವು, ರಾಗ ಮೈಸೂರು ಅನಂತಸ್ವಾಮಿಯವರದು. ನಿಸಾರ್ ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದವರು. ಚನ್ನಗಿರಿ, ಹೊನ್ನಾಳಿಯಿಂದ ಡಿಗ್ರಿ ಓದಲು ಶಿವಮೊಗ್ಗಕ್ಕೆ ಹೋದವರಿಗೆ ಈ ಕ್ಯಾಸೆಟ್ಟಿನ ಕವಿ ಕಾಲೇಜಿನ ಕಾರಿಡಾರಿನಲ್ಲಿ ನಡೆದಾಡಿದ್ದ ಮೇಷ್ಟ್ರು. ಆಮೇಲೆ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಪದ್ಯಗಳು, ಶಿಶುನಾಳ ಷರೀಫರ ತತ್ವಪದಗಳು ಅಶ್ವತ್ಥರ ರಾಗದಲ್ಲಿ ಬಂದವು. ಹೊನ್ನಾಳಿಯ ಪಕ್ಕದ ಶಿಕಾರಿಪುರ ಸೀಮೆಯಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರ ಪದ್ಯಗಳು ಬಂದವು. 1942ರಲ್ಲಿ ಪುಸ್ತಕವಾಗಿ ಬಂದ ‘ಮೈಸೂರ ಮಲ್ಲಿಗೆ’ ಓದು ಬಾರದವರ ಮನೆಯೊಳಗೆ ಕಾಲಿಟ್ಟಿದ್ದು ಹೀಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು.

ಹಿಂದಕ್ಕೆ ತಿರುಗಿಸಿ ಕೇಳಬಹುದಾದಾಗ ಮಾತು ಕಂಠದಿಂದ ಸಾಹಿತ್ಯಕ್ಕೆ ಸರಿಯಿತು. ನಮ್ಮ ಬೀದಿಯಲ್ಲಿ ಹೊಸ ಕ್ಯಾಸೆಟ್ಟು ಬಂದ ಸಂಜೆ ನಡೆಯುತ್ತಿದ್ದ ಚರ್ಚೆ ನನಗೆ ನೆನಪಿದೆ. ಒಬ್ಬ ಅಣ್ಣ ನೋಟ್‌ಬುಕ್ ಹಿಡಿದು ಸಾಲು ಬರೆದುಕೊಳ್ಳುತ್ತಿದ್ದ. ಇನ್ನೊಬ್ಬ ಗುಂಡಿ ಒತ್ತುತ್ತಿದ್ದ. ‘ಅದು ಹಂಗಲ್ಲಪ್ಪ, ತಿರುಗ್ಸಿ ಹಾಕು. ನೋಡು, ಈಗ ಕೇಳ್ತಾ?’ ಒಂದು ಪದ ಏನೆಂದು ತೀರ್ಮಾನವಾಗಲು ನಾಲ್ಕು ಬಾರಿ ಟೇಪು ಹಿಂದೆ ಮುಂದೆ ಓಡಬೇಕಿತ್ತು. ಪದ ಸಿಕ್ಕ ಮೇಲೆ ಅದರ ಅರ್ಥ ಕೇಳಲು ಕನ್ನಡ ಮೇಷ್ಟ್ರು ಬೇಕಾಗುತ್ತಿತ್ತು. ಅರ್ಥ ಸಿಕ್ಕ ಮೇಲೆ ಮುಂದಿನ ಜಗಳ ಶುರು: ಈ ಅರ್ಥಕ್ಕೆ ಈ ರಾಗ ಹೊಂದುತ್ತದೋ ಇಲ್ಲವೋ?

ಇದೇ ಜಗಳವನ್ನು ಆಗ ಕನ್ನಡದ ಸಾಹಿತ್ಯಲೋಕವೂ ಆಡುತ್ತಿತ್ತು. ರಾಗ ಹಾಕಿದರೆ ಕವಿತೆ ಅರಳುತ್ತದೋ, ಇಲ್ಲ ರಾಗದ ಕೆಳಗೆ ಮುಚ್ಚಿಹೋಗುತ್ತದೋ ಎಂಬ ಪ್ರಶ್ನೆ ಪುಸ್ತಕ ಓದುವವರದ್ದಾಗಿತ್ತು. ನಮ್ಮೂರುಗಳಲ್ಲಿ ಅದು ಎರಡು ಪಕ್ಷವಾಗಿ ಕಾಣುತ್ತಿತ್ತು. ಅನಂತಸ್ವಾಮಿಯವರ ಕಡೆಯವರಿಗೆ ಮಾತನ್ನು ಮೆಲ್ಲಗೆ ಮುಂದಕ್ಕೆ ತಳ್ಳುವ ಹಾಡುಗಾರಿಕೆ ಬೇಕು; ಅಶ್ವತ್ಥರ ಕಡೆಯವರಿಗೆ ಎದೆಯೊಡೆದು ಮೇಲೇರುವ ಧ್ವನಿ, ನಾಟಕದ ಬಿಸಿ ಬೇಕು. ಪ್ರೌಢಪ್ರಬಂಧಗಳಲ್ಲಿ ನಾವು ಈಗ ‘ಗೇಯತೆ’, ‘ಭಾವಾಭಿವ್ಯಕ್ತಿ’ ಎಂದು ಬರೆಯುವುದನ್ನು ಅಂದು ಕಟ್ಟೆಯ ಮೇಲೆ ‘ಆತ ಹೇಳ್ತಾನೆ, ಈತ ಕೂಗ್ತಾನೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅದಕ್ಕೆ ಉತ್ತರವೂ ತಕ್ಷಣ ಬರುತ್ತಿತ್ತು: ‘ಷರೀಫರ ಪದ ಪಿಸುಗುಟ್ಟಿದ್ರೆ ಸಂತ್ಯಾಗೆ ಯಾರಿಗ್ ಕೇಳ್ತೈತಲೇ?’ ಈ ಉತ್ತರ ನನಗೆ ಇಂದಿಗೂ ಯೋಚಿಸುವಂತೆ ಮಾಡುತ್ತದೆ. ತತ್ವಪದ ಹುಟ್ಟಿದ್ದು ಜನರ ನಡುವೆ, ಸಂತೆಯಂಥ ಗದ್ದಲದ ನಡುವೆ. ಅದನ್ನು ಎತ್ತರಿಸಿ ಹಾಡುವುದು ಅದರ ಹುಟ್ಟಿಗೆ ತಕ್ಕುದು ಎಂಬ ವಾದ ಅದರೊಳಗಿದೆ.

ಎಲ್ಲ ಕ್ಯಾಸೆಟ್ಟೂ ಕವಿತೆಯದ್ದಾಗಿರಲಿಲ್ಲ. ಗುರುರಾಜುಲು ನಾಯ್ಡು ಅವರ ಹರಿಕಥೆಗಳು ದೇವಸ್ಥಾನದ ಕಟ್ಟೆಯಲ್ಲಿ ರಾತ್ರಿ ತುಂಬಿಸುತ್ತಿದ್ದವು. ರಾಜಕುಮಾರ್ ಹಾಡಿದ ಭಕ್ತಿಗೀತೆಗಳು ಗುರುವಾರದ ಬೆಳಗಿಗೆ ಮೀಸಲು. ಗುರುರಾಜ ಹೊಸಕೋಟೆಯವರ ಜಾನಪದ ಧಾಟಿಯ ಹಾಡುಗಳಿಗೆ ಟ್ರ್ಯಾಕ್ಟರಿನವರು ಮರುಳಾಗಿದ್ದರು. ಧೀರೇಂದ್ರ ಗೋಪಾಲ್ ಅವರ ರಾಜಕೀಯ ವಿಡಂಬನೆಯ ಕ್ಯಾಸೆಟ್ಟುಗಳು ಹಾಡಿಗಿಂತ ಹೆಚ್ಚು ಮಾತು ಹುಟ್ಟಿಸಿದವು. ಅವನ್ನು ಕ್ಷೌರದಂಗಡಿಯಲ್ಲಿ ಹಾಕಿದರೆ ಅಭಿಪ್ರಾಯ ಕ್ಯಾಸೆಟ್ಟನ್ನು ಬಿಟ್ಟು ತಾಲ್ಲೂಕಿನ ಮುಖಂಡರ ಮೇಲೆ ಹರಿಯುತ್ತಿತ್ತು, ಅಂಗಡಿಯವನು ವಾಲ್ಯೂಮ್ ತಗ್ಗಿಸಬೇಕಾಗುತ್ತಿತ್ತು.

ಈ ಎಲ್ಲ ಮಾತುಕತೆಗೆ ಒಂದು ಕೇಂದ್ರವಿತ್ತು: ಬಸ್‌ಸ್ಟ್ಯಾಂಡಿನ ಹತ್ತಿರದ ರೆಕಾರ್ಡಿಂಗ್ ಅಂಗಡಿ. ಖಾಲಿ ಕ್ಯಾಸೆಟ್ಟು ಮತ್ತು ಹಾಡುಗಳ ಚೀಟಿ ಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿಕೊಡುತ್ತಿದ್ದರು. ಕಾನೂನಿನ ಪ್ರಕಾರ ಇದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು 1984ರಲ್ಲಿ ತಿದ್ದಿ, ಇಂಥ ನಕಲಿಗೆ ಶಿಕ್ಷೆ ಹೆಚ್ಚಿಸಿ, ಕ್ಯಾಸೆಟ್ಟಿನ ಮೇಲೆ ತಯಾರಕರ ಹೆಸರು ವಿಳಾಸ ಮುದ್ರಿಸಲೇಬೇಕೆಂದು ಮಾಡಲಾಯಿತು. ಹಾಡಿದವರಿಗೆ, ರಾಗ ಹಾಕಿದವರಿಗೆ ಸಲ್ಲಬೇಕಾದ ಹಣ ಈ ಅಂಗಡಿಗಳಿಂದ ಸಲ್ಲಲಿಲ್ಲ ಎಂಬುದು ನಿಜ, ಅದನ್ನು ಸಣ್ಣದು ಮಾಡಬಾರದು. ಆದರೂ ಚರಿತ್ರೆಕಾರನಿಗೆ ಆ ಚೀಟಿಗಳು ಬೆಲೆಬಾಳುವ ದಾಖಲೆಗಳು. ಹನ್ನೆರಡು ಹಾಡುಗಳ ಒಂದು ಚೀಟಿ ಎಂದರೆ ಎಷ್ಟೋ ಕ್ಯಾಸೆಟ್ಟುಗಳಿಂದ ಸೋಸಿ ತೆಗೆದ ಹನ್ನೆರಡು ತೀರ್ಪು. ಕಂಪನಿ ಜೋಡಿಸಿದ ಕ್ರಮವನ್ನು ಒಡೆದು ಕೇಳುಗ ತನ್ನದೇ ಕ್ರಮ ಕಟ್ಟಿಕೊಳ್ಳುತ್ತಿದ್ದ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಮಗ್ಗುಲಿಗೆ ಒಂದು. ಆ ಹಲ್ಲು ಮುರಿದರೆ ಆ ಮಗ್ಗುಲಿನ ಮೇಲೆ ಬೇರೆ ಹಾಡು ತುಂಬಿಸಲು ಬರುವುದಿಲ್ಲ. ರೆಕಾರ್ಡಿನ ಗುಂಡಿ ಕೆಳಗಿಳಿಯುವುದೇ ಇಲ್ಲ. ಕಂಪನಿಯ ಕ್ಯಾಸೆಟ್ಟುಗಳು ಹಲ್ಲಿಲ್ಲದೆಯೇ ಬರುತ್ತಿದ್ದವು. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿನ ಹಲ್ಲನ್ನು ಯಾರಾದರೂ ಚಾಕುವಿನ ತುದಿಯಿಂದ ಮುರಿದಿದ್ದರೆ ಅದರರ್ಥ ‘ಇದು ಅಳಿಯಬಾರದು’ ಎಂದು. ಆದರೆ ತೂತಿನ ಮೇಲೆ ಕಾಗದ ಅಂಟಿಸಿದರೆ ಮತ್ತೆ ತುಂಬಿಸಬಹುದಿತ್ತು. ಕಂಪನಿಯ ಕ್ಯಾಸೆಟ್ಟಿನ ಬೆನ್ನಿಗೆ ಔಷಧಿ ಪಟ್ಟಿಯ ತುಂಡು ಅಂಟಿದ್ದರೆ ಅದೂ ಒಂದು ತೀರ್ಪು: ‘ಕಾಸು ಕೊಟ್ಟು ತಂದೆವು, ಮೆಚ್ಚಲಿಲ್ಲ, ಅಳಿಸಿದೆವು.’ ಮುರಿದ ಹಲ್ಲಿಗೇ ಆಮೇಲೆ ಕಾಗದ ಅಂಟಿದ್ದರೆ ಆ ಮನೆಯ ಮನಸ್ಸು ಬದಲಾಯಿತು ಎಂದು ಓದಬಹುದು. ನಾನು ನೋಡಿದ ಹಳೆಯ ಕ್ಯಾಸೆಟ್ಟುಗಳಲ್ಲಿ ಈ ಮೂರೂ ಬಗೆಯವು ಇವೆ. ಬರಹದಲ್ಲಿ ಉಳಿಯದ ಅಭಿಪ್ರಾಯ ಪ್ಲಾಸ್ಟಿಕ್ಕಿನಲ್ಲಿ ಉಳಿದಿದೆ.

ಇದರಿಂದ ತಿಳಿಯುವ ಇನ್ನೊಂದು ವಿಷಯವನ್ನು ಹೇಳಲೇಬೇಕು. ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟವರು ಗಂಡಸರು. ರೆಕಾರ್ಡಿಂಗ್ ಅಂಗಡಿಯ ಮುಂದೆ ನಿಲ್ಲುತ್ತಿದ್ದವರು ಹುಡುಗರು. ಹೆಂಗಸರು ಅದೇ ಹಾಡುಗಳನ್ನು ಅಡುಗೆಮನೆಯಿಂದ, ಹಿತ್ತಲಿನಿಂದ, ಬೀಡಿ ಕಟ್ಟುತ್ತಲೋ ಅಡಿಕೆ ಸುಲಿಯುತ್ತಲೋ ಕೇಳುತ್ತಿದ್ದರು. ಅವರ ಅಭಿಪ್ರಾಯ ‘ಆ ಹಾಡು ಇನ್ನೊಂದ್ಸಲ ಹಾಕಪ್ಪ’ ಎಂಬ ಒಂದು ಮಾತಿನಲ್ಲಿ ಬರುತ್ತಿತ್ತು, ಇಲ್ಲವೇ ತಮ್ಮನ ಚೀಟಿಯ ಕೊನೆಯಲ್ಲಿ ಬೇರೆ ಅಕ್ಷರದಲ್ಲಿ ಸೇರಿದ ಎರಡು ಹಾಡುಗಳಾಗಿ ಬರುತ್ತಿತ್ತು. ನನ್ನ ಹತ್ತಿರ ಇರುವ ಒಂದು ಕ್ಯಾಸೆಟ್ಟಿನ ಒಳಕಾಗದದಲ್ಲಿ ಹತ್ತು ಹಾಡು ನೀಲಿ ಪೆನ್ನಿನಲ್ಲಿವೆ, ಕೊನೆಯ ಎರಡು ಪೆನ್ಸಿಲ್ಲಿನಲ್ಲಿ, ದುಂಡನೆಯ ಅಕ್ಷರದಲ್ಲಿವೆ. ಹಾಕಿ ಕೇಳಿದರೆ ಟೇಪು ಹಿಗ್ಗಿ ಧ್ವನಿ ಅಲುಗುವುದು ಆ ಎರಡು ಹಾಡುಗಳಲ್ಲೇ. ಯಾರು ಹೆಚ್ಚು ಮಾತಾಡಿದರು ಎಂಬುದಕ್ಕೂ ಯಾರು ಹೆಚ್ಚು ಕೇಳಿದರು ಎಂಬುದಕ್ಕೂ ಎಷ್ಟು ದೂರವಿರಬಹುದು ಎಂದು ಆ ಟೇಪು ನನಗೆ ತೋರಿಸಿತು.

2000ದ ಆಸುಪಾಸಿಗೆ ಎಂಪಿ3 ಸಿ.ಡಿ. ಬಂತು. ಒಂದೇ ತಟ್ಟೆಯಲ್ಲಿ ನೂರೈವತ್ತು ಹಾಡು ಹಿಡಿಯುತ್ತಿತ್ತು. ಅದನ್ನು ತಂದವನನ್ನು ‘ಹೆಂಗೈತೆ’ ಎಂದು ಕೇಳಿದರೆ ಅವನು ಏನು ಹೇಳಬೇಕು? ‘ಎಲ್ಲಾ ಐತೆ’ ಎನ್ನುತ್ತಿದ್ದ. ಆ ಉತ್ತರದಲ್ಲಿ ಅಭಿಪ್ರಾಯ ಮುಗಿದುಹೋಗಿತ್ತು. ಹನ್ನೆರಡು ಹಾಡಿಗೆ ಕಾಸು ಕೊಟ್ಟವನಿಗೆ ಹನ್ನೆರಡನ್ನೂ ಕೇಳುವ, ಬೇಡದ್ದನ್ನು ಬೈಯುವ ಹಕ್ಕು ಇತ್ತು, ಬಾಧ್ಯತೆಯೂ ಇತ್ತು. ಈಗ ಫೋನಿನಲ್ಲಿ ಲೋಕದ ಹಾಡೆಲ್ಲ ಇದೆ, ಆದರೆ ಇಬ್ಬರು ಒಂದೇ ಹಾಡನ್ನು ಒಂದೇ ಸಂಜೆ ಕೇಳುವುದು ಕಡಿಮೆ. ಹಳೆಯದೇ ಚಂದವಿತ್ತೆಂದು ನಾನು ಹೇಳುತ್ತಿಲ್ಲ. ಪ್ಲೇಟಿನ ಕಾಲದಲ್ಲಿ ಸಾಹುಕಾರ ಮೆಚ್ಚಿದ್ದನ್ನೇ ಊರು ಕೇಳಬೇಕಿತ್ತು, ಕ್ಯಾಸೆಟ್ಟಿನ ಕಾಲದಲ್ಲಿ ಅಕ್ಕನ ಹಾಡು ಚೀಟಿಯ ಕೊನೆಗೆ ಕಾಯಬೇಕಿತ್ತು. ಇಂದು ಜಗಳೂರಿನ ಹುಡುಗಿ ಯಾರ ಅಪ್ಪಣೆಯೂ ಇಲ್ಲದೆ ತನಗೆ ಬೇಕಾದ್ದನ್ನು ಕೇಳಬಲ್ಲಳು. ಅದು ಗಳಿಕೆಯೇ. ಆದರೆ ಅವಳ ಕೇಳುವಿಕೆಯ ಗುರುತು ಅವಳ ಮನೆಯಲ್ಲಿ ಉಳಿಯುವುದಿಲ್ಲ, ಯಾವುದೋ ಕಂಪನಿಯ ಲೆಕ್ಕದಲ್ಲಿ ಉಳಿಯುತ್ತದೆ.

ಇದಕ್ಕೇ ಹಳೆಯ ಗುರುತುಗಳ ಬಗ್ಗೆ ನನಗೆ ಆತುರ. ದೀಪಾವಳಿಗೆ ಅಟ್ಟ ಗುಡಿಸುವಾಗ ಕ್ಯಾಸೆಟ್ಟುಗಳು ಗುಜರಿಗೆ ಹೋಗುತ್ತಿವೆ. ಟೇಪನ್ನು ಎಳೆದು ಹಕ್ಕಿ ಬೆದರಿಸಲು ಹೊಲದ ಸುತ್ತ ಕಟ್ಟಿದ್ದನ್ನೂ ನೋಡಿದ್ದೇನೆ. ಅದರಲ್ಲಿರುವ ಹಾಡು ಇನ್ನೆಲ್ಲಾದರೂ ಸಿಕ್ಕೀತು. ಒಳಕಾಗದದ ಕೈಬರಹ, ಹಲ್ಲು, ಅಂಟಿಸಿದ ಪಟ್ಟಿ, ಹಿಗ್ಗಿದ ಜಾಗ ಬೇರೆಲ್ಲೂ ಸಿಗುವುದಿಲ್ಲ. ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ ಓದುತ್ತಿರುವವರು ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನನ್ನದೊಂದು ಸಲಹೆ ಇದೆ. ಮನೆಯ ಅಟ್ಟದಿಂದ ಒಂದು ಡಬ್ಬಿ ಇಳಿಸಿ. ಪ್ರತಿ ಕ್ಯಾಸೆಟ್ಟಿಗೆ ಒಂದು ಸಾಲು ಬರೆಯಿರಿ: ಎಲ್ಲಿ ಕೊಂಡದ್ದು, ಯಾರ ಅಕ್ಷರ, ಯಾವ ಮಗ್ಗುಲು ಹೆಚ್ಚು ಓಡಿದೆ, ಹಲ್ಲು ಇದೆಯೋ ಮುರಿದಿದೆಯೋ. ಆಮೇಲೆ ಅದನ್ನು ಅಜ್ಜಿಯ ಕೈಗೆ ಕೊಟ್ಟು ಯಾವ ಹಾಡು ಇಷ್ಟವಾಗಿತ್ತೆಂದು ಕೇಳಿ. ಪೆನ್ಸಿಲ್ಲಿನಲ್ಲಿ ಬರೆದವರು ಅವರೇ ಇರಬಹುದು.